ತಪ್ಪಿದ ಹಾಜರಿಯ ಬೆಲೆ

ಕೇಳುಗರಿಗೆ ನಮಸ್ಕಾರ.

ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಲ್ಲಿ ಕೊಯ್ಲಿನ ದಿನ ಬೆಳಗ್ಗೆ ಆಳುಗಳು ಬಂದು ಸೇರುವ ಹೊತ್ತಿಗೆ, ಮೇಲಿನ ತಾಕಿನಲ್ಲಿ ಆನೆ ನಿಂತಿದೆಯೆಂಬ ಸುದ್ದಿ ಬಂದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಜನವರಿಯಲ್ಲಿ ನಾನು ಹೋಗಿದ್ದ ತೋಟವೊಂದರ ಹಾಜರಿ ಪುಸ್ತಕದಲ್ಲಿ 20 ಹೆಸರುಗಳ ಮುಂದೆ ಎರಡು ದಿನದ ಚೌಕಗಳು ಖಾಲಿಯಿದ್ದವು. ತೋಟದ ಲೆಕ್ಕ ಬರೆಯುವ ರೈಟರು ಪಕ್ಕದಲ್ಲಿ ಪೆನ್ಸಿಲಿನಿಂದ ‘ಆನೆ’ ಎಂದಷ್ಟೇ ಬರೆದಿದ್ದರು. ಆ ಎರಡು ದಿನಗಳ ನಷ್ಟವನ್ನು ಹೇಗೆ ಲೆಕ್ಕ ಹಾಕಬೇಕು?

ಕೂಲಿ ದಿನಕ್ಕೆ 500 ರೂಪಾಯಿ ಎಂದು ಹಿಡಿದರೆ, 20 ಜನರ ಎರಡೆರಡು ದಿನ ಸೇರಿ 40 ಆಳುಗಳ ಲೆಕ್ಕಕ್ಕೆ 20,000 ರೂಪಾಯಿ ಆಗುತ್ತದೆ. ತಪ್ಪಿದ ದಿನಗಳನ್ನು ಕೂಲಿಯಿಂದ ಗುಣಿಸುವ ಈ ಕ್ರಮಕ್ಕೆ ಅರ್ಥಶಾಸ್ತ್ರದಲ್ಲಿ ಮಾನವ ಬಂಡವಾಳ ವಿಧಾನವೆಂದು ಹೆಸರು. ಆದರೆ ಇದು ಯಾರ ನಷ್ಟ ಎಂದು ಕೇಳಿದೊಡನೆ ಲೆಕ್ಕ ಬೇರೆಯಾಗುತ್ತದೆ. ದಿನಗೂಲಿಯವರಿಗೆ ಆ ಹಣ ಪೂರ್ತಿ ಕೈತಪ್ಪಿತು. ಮಾಲೀಕರಿಗೆ ಅದು ಕೊಡದೆ ಉಳಿದ ಹಣ, ಅವರ ನಷ್ಟವಿರುವುದು ಗಿಡದ ಮೇಲೆ. ತಲಾ 50 ಕೆ.ಜಿ.ಯಂತೆ 2,000 ಕೆ.ಜಿ. ಹಣ್ಣು ಕೊಯ್ಯದೆ ಉಳಿಯಿತೆನ್ನೋಣ. ಅದರಲ್ಲಿ ಬಹುಪಾಲನ್ನು ಮೂರನೆಯ ದಿನ ಕೊಯ್ಯಬಹುದು. ನಿಜವಾಗಿ ಹೋಗುವುದು ಬಲಿತು ಉದುರಿದ ಹಣ್ಣಿನ ಗುಣಮಟ್ಟ. ಅದನ್ನು ನೆಲದಿಂದ ಹೆಕ್ಕಲು ಕೂಲಿ ಬೇರೆ, ಹೆಕ್ಕದೆ ಬಿಟ್ಟರೆ ಕಾಯಿಕೊರಕ ಹುಳುವಿಗೆ ಅದೇ ನೆಲೆ. ಮಳೆಗಾಲದ ಕಳೆ ಕೆಲಸದಲ್ಲಿ ಎರಡು ದಿನ ತಪ್ಪಿದರೆ ಮುಂದಿನ ವಾರ ಸರಿದೂಗಿಸಬಹುದು, ಕೊಯ್ಲಿನಲ್ಲಿ ಹಾಗಲ್ಲ. ಈ ಭೇದವನ್ನು ಕಾಣದೆ ವರ್ಷಪೂರ್ತಿ ಒಂದೇ ದರ ಹಾಕುವ ಲೆಕ್ಕವನ್ನು ನಾನು ಒಪ್ಪಲಾರೆ. ಹಾಗೆಯೇ, ನಾಡಿನ ಒಟ್ಟು ನಷ್ಟವನ್ನು ಅಳೆಯುವಾಗ ಕಳೆದುಹೋದ ಫಸಲಿನ ಪೂರ್ತಿ ಬೆಲೆಗೆ ಅದನ್ನು ಕೊಯ್ಯುವ ಕೂಲಿಯನ್ನೂ ಸೇರಿಸಬಾರದು. ಆ ಕೂಲಿ ಫಸಲಿನ ಬೆಲೆಯೊಳಗೇ ಇದೆ.

ಕಾಯಿಲೆಯ ಲೆಕ್ಕಕ್ಕೆ ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲಿ ಇನ್ನೊಂದು ದಾರಿ ತೋರಿಸಿದರು. ಮಲಗಿದವರ ಜಾಗಕ್ಕೆ ಬೇರೊಬ್ಬರು ಬಂದು ಕೆಲಸ ಹಿಡಿಯುವವರೆಗಿನ ಅವಧಿಯನ್ನು ಮಾತ್ರ ನಷ್ಟವೆಂದು ಎಣಿಸುವುದು ಅದರ ಕ್ರಮ. ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ತಿಂಗಳುಗಳು ಕೊಯ್ಲಿನ ತಿಂಗಳುಗಳೊಡನೆ ಕೂಡಿಬರುತ್ತವೆ. ಹುಡುಕಿದರೂ ಆಳು ಸಿಗದ ಆ ಕಾಲದಲ್ಲಿ ಈ ಅವಧಿ ತಾನಾಗಿಯೇ ಉದ್ದವಾಗುತ್ತದೆ. ತೋಟದ ಲೆಕ್ಕಕ್ಕೆ ಇದು ಸರಿ, ಆದರೆ ಮಲಗಿದವರ ಮನೆಗೆ ತಪ್ಪಿದ ಪ್ರತಿ ದಿನವೂ ನಷ್ಟವೇ.

ಇನ್ನು ಕೂಲಿಯೇ ಇಲ್ಲದ ಕೆಲಸ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97 ನಿಮಿಷ ಕೊಡುತ್ತಿದ್ದರು. ಆನೆ ಬಂದ ಆ ಎರಡು ದಿನ ಆಳುಗಳು ವಾಸಿಸುವ ಲೈನ್ ಮನೆಯ ತಾಯಂದಿರು ಮಕ್ಕಳನ್ನು ಡಾಂಬರು ರಸ್ತೆಯವರೆಗೆ ಕರೆದೊಯ್ದು, ಬಸ್ಸು ಬರುವವರೆಗೆ ಕಾದು ನಿಂತಿದ್ದರು. ಅದೇ ಕಾವಲಿಗೆ ಒಬ್ಬರನ್ನು ಗೊತ್ತುಮಾಡಿದ್ದರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಈ ಹೊತ್ತಿನ ಬೆಲೆಯೆಂದು ಹಿಡಿಯುವ ಪದ್ಧತಿಯಿದೆ; ಅದನ್ನೂ ಸೇರಿಸಲೇಬೇಕೆಂಬುದು ನನ್ನ ಅಭಿಪ್ರಾಯ. ಹಾಜರಿ ಪುಸ್ತಕದಲ್ಲಿ ಕೆಲಸ ತಪ್ಪಿದ ಕಾರಣ, ಯಾವ ಕೆಲಸ, ಅದನ್ನು ಮತ್ತೆ ಯಾವತ್ತು ಮಾಡಲಾಯಿತು ಎಂಬ ಮೂರು ವಿವರಗಳನ್ನು ರೈಟರು ಬರೆದಿಟ್ಟರೆ, ಈ ಲೆಕ್ಕವನ್ನು ತೋಟದಲ್ಲೇ ಕುಳಿತು ಮಾಡಬಹುದು.

ನಮಸ್ಕಾರ.