ದೋಟಿಯ ತುದಿ, ಹಬಲ್‌ನ ರೆಕ್ಕೆ

ನಮಸ್ಕಾರ. ಅಡಿಕೆ ತೋಟದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಗೊನೆ ಕೊಯ್ಯುವ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ಹಿಡಿದಿದ್ದೀರಿ, ಅಲ್ವಾ? ಹಗುರ. ಆದರೆ 60 ಅಡಿ ಮೇಲೆ ಅದರ ತುದಿ ಓಲಾಡುತ್ತಲೇ ಇರುತ್ತದೆ. ಹೊಸಬ ಗಡಿಬಿಡಿಯಲ್ಲಿ ಎಳೆದಾಡುತ್ತಾನೆ, ಓಲಾಟ ಜಾಸ್ತಿಯಾಗುತ್ತದೆ. ಪಳಗಿದವನು ತುದಿ ನೋಡಿ, ಹೊತ್ತು ನೋಡಿ, ಬುಡದಲ್ಲಿ ಕೈ ಒಂಚೂರು ಎದುರಿಗೆ ತಳ್ಳುತ್ತಾನೆ. ಕತ್ತಿ ಗೊನೆಗೆ ಕೂರುತ್ತದೆ. ಬಾಹ್ಯಾಕಾಶದಲ್ಲಿ ಓಲಾಟ ತಡೆಯುವುದೂ ಹೀಗೆಯೇ. ನಾನು ಹೇಳಬೇಕಾದ್ದು ಇಷ್ಟೇ: ನೋಡಬೇಕು, ಸರಿಯಾದ ಹೊತ್ತಿಗೆ ತಳ್ಳಬೇಕು.

ರಾಕೆಟ್ಟಿನಲ್ಲಿ ಹೋಗುವ ಸಾಮಾನು ಹಗುರ ಇರಲೇಬೇಕು. ಹಗುರ ಮಾಡಿದರೆ ಬಳುಕುತ್ತದೆ. ಇಲ್ಲಿ ಗಾಳಿ ತಡೆದು ಓಲಾಟ ಇಳಿಸುತ್ತದೆ. ಅಲ್ಲಿ ಗಾಳಿ ಎಲ್ಲಿದೆ?

ಹಬಲ್ ದೂರದರ್ಶಕ 1990ರ ಏಪ್ರಿಲ್ 24ರಂದು ಹೊರಟಿತು. ಎಲ್ಲರೂ ಅದರ ಕನ್ನಡಿಯ ಆಕಾರ ತಪ್ಪಿದ ಕಥೆಯನ್ನೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ! ರೆಕ್ಕೆಗಳ ಕಥೆ ಕೇಳಿ. ಸುಮಾರು 12 ಮೀಟರ್ ಉದ್ದದ ಎರಡು ಸೌರ ಫಲಕಗಳು, ಚಾಪೆಯಂತೆ ಸುತ್ತಿ ಕಳಿಸಿ ಮೇಲೆ ಬಿಚ್ಚಿದವು. ಹಬಲ್‌ಗೆ ಒಂದೂವರೆ ಗಂಟೆಗೊಮ್ಮೆ ಬೆಳಗಾಗುತ್ತದೆ. ಬಿಸಿಲಿಗೆ ನಮ್ಮ ತಗಡಿನ ಮಾಡು 'ಟಕ್' ಎನ್ನುತ್ತದಲ್ಲ, ಹಾಗೆ ಫಲಕದ ಸಪೂರ ಕಂಬಿಗಳು ಒಂದು ಮಗ್ಗುಲು ಕಾದು ಬಾಗುತ್ತಿದ್ದವು. ರೆಕ್ಕೆ ಒಮ್ಮೆ ಓಲಿ ಬರಲು ಸುಮಾರು 10 ಸೆಕೆಂಡ್. ನಿಧಾನವೇ. ಆದರೂ 11 ಟನ್‌ನ ದೂರದರ್ಶಕ ನಡುಗಿತು, ಗುರಿ ಇಟ್ಟ ನಕ್ಷತ್ರ ಅಲ್ಲಾಡಿತು.

ಎಂಜಿನಿಯರುಗಳು ಏನು ಮಾಡಿದರು? ನೆಲದಲ್ಲೇ ಕೂತು ಅದರ ಕಂಪ್ಯೂಟರಿಗೆ ಹೊಸ ಪಾಠ ಕಳಿಸಿದರು. ತಿರುಗಾಟ ಅಳೆಯುವ ಸಾಧನ ಜೈರೋ, ಅದು ನಡುಕ ನೋಡುತ್ತದೆ, ಒಳಗಿನ ತಿರುಗುವ ಚಕ್ರಗಳು ಹೊತ್ತರಿತು ಎದುರಿಗೆ ತಳ್ಳುತ್ತವೆ. ದೋಟಿ ಹಿಡಿದ ಕೈಯ ಕೆಲಸವೇ!

1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಶಟಲ್ ಎಂಬ ಬಾಹ್ಯಾಕಾಶ ನೌಕೆಯಲ್ಲಿ ಹೋಗಿ ಫಲಕ ಬದಲಿಸಿದರು. ಹಳೆಯದೊಂದರ ಕಂಬಿ ಸೊಟ್ಟಗಾಗಿ, ಸುತ್ತಲು ಬರಲೇ ಇಲ್ಲ. ಗಗನಯಾತ್ರಿ ಕ್ಯಾಥರಿನ್ ಥಾರ್ನ್‌ಟನ್ ಅದನ್ನು ಎತ್ತಿ ಹಿಡಿದು, ಸುಮ್ನೆ ಕೈಬಿಟ್ಟರು. ಶಟಲ್‌ನ ಪುಟ್ಟ ರಾಕೆಟ್‌ಗಳ ಹೊಗೆ ತಾಗಿ ಅದು ದೊಡ್ಡ ಹಕ್ಕಿ ರೆಕ್ಕೆ ಬಡಿದಂತೆ ಬಳುಕುತ್ತಾ ಹೋಯಿತು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ! ಹೊಸ ಕಂಬಿಗಳಿಗೆ ಬಿಸಿಲು ತಾಗದ ಹೊದಿಕೆ ಇತ್ತು. 2002ರಲ್ಲಿ ಗಟ್ಟಿ, ಚಿಕ್ಕ ಫಲಕ ಹಾಕಿ ಬಳುಕುವ ರಗಳೆಯನ್ನೇ ಮುಗಿಸಿದರು. ಜಾಣತನ ನಿಜ. ನನಗೇನೋ ಒಂಚೂರು ಬೇಸರವೇ.

ಅಯ್ಯೋ, ಪೀಜೋ ವಿಷಯ ಉಳಿದೇ ಹೋಯಿತು. ಗ್ಯಾಸ್ ಲೈಟರ್ ಒತ್ತಿದರೆ ಕಿಡಿ ಬರುತ್ತದಲ್ಲ? ಒಳಗಿನ ಪೀಜೋ ಬಿಲ್ಲೆ ಅದುಮಿದರೆ ಕರೆಂಟು ಕೊಡುತ್ತದೆ. ಕರೆಂಟು ಕೊಟ್ಟರೆ ತಾನೇ ಹಿಗ್ಗುತ್ತದೆ. ಅಂಥ ಎರಡು ಬಿಲ್ಲೆಗಳನ್ನು ಬಳುಕುವ ತೊಲೆಗೆ ಅಂಟಿಸಿ: ಒಂದು ನೋಡುತ್ತದೆ, ಇನ್ನೊಂದು ತಳ್ಳುತ್ತದೆ. ಸ್ಟುಡಿಯೋ ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ, ನನ್ನ ಹೊತ್ತು ಮುಗಿಯಿತಂತೆ. ನಮಸ್ಕಾರ.