ತಾಹೋ ಸರೋವರಕ್ಕೆ ಪ್ರದಕ್ಷಿಣೆ

ಕೇಳುಗರಿಗೆ ನಮಸ್ಕಾರ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಇಲ್ಲದ ಮನೆಯನ್ನು ಈಗ ಹುಡುಕಬೇಕು. ಅಲ್ಲಿಗೆ ಹೋಗುವ ದಂಪತಿಗಳೇ, ಮಕ್ಕಳಿಗೆ ರಜೆ ಸಿಗಲಿ ಅಂತ ಕಾಯುತ್ತಾ ಕೂರಬೇಡಿ. ಕಾರು ಓಡಿಸಲು ಬರುತ್ತದಲ್ಲ? ಬಾಡಿಗೆಗೆ ಒಂದು ಕಾರು ಹಿಡಿದು, ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿರುವ ತಾಹೋ ಸರೋವರವನ್ನು ಇಬ್ಬರೇ ಸುತ್ತಿ ಬನ್ನಿ.

ಸಮುದ್ರಮಟ್ಟದಿಂದ 1,897 ಮೀಟರ್ ಎತ್ತರ, ಅಂದರೆ ಊಟಿಗಿಂತ ತುಸು ಕೆಳಗೆ. ಆಳ 501 ಮೀಟರ್. ಸುತ್ತಲಿನ ರಸ್ತೆ 72 ಮೈಲಿ, ಸುಮಾರು 116 ಕಿಲೋಮೀಟರ್. ಎಲ್ಲೂ ನಿಲ್ಲಿಸದಿದ್ದರೆ ಮೂರು ಗಂಟೆ ಸಾಕು. ನಿಲ್ಲಿಸದೆ ಹೋಗುವುದಾದರೆ ಹೋಗುವುದೇ ಬೇಡ, ಪೂರ್ತಿ ದಿನ ಇಟ್ಟುಕೊಳ್ಳಿ.

ನಾನು ಹೇಳುವುದು ಒಂದೇ ಮಾತು: ಪ್ರದಕ್ಷಿಣೆ ಹಾಕಿ. ಅಲ್ಲಿ ಗಾಡಿ ರಸ್ತೆಯ ಬಲಕ್ಕೆ ಓಡುತ್ತದೆ. ಗುಡಿಯಲ್ಲಿ ದೇವರು ಬಲಕ್ಕಿರುವ ಹಾಗೆ ಸರೋವರ ನಿಮ್ಮ ಬಲಕ್ಕಿರಬೇಕು. ಆಗ ನೀರಿನ ಬದಿಯ ನಿಲುಗಡೆಗೆ ಸುಮ್ಮನೆ ಬಲಕ್ಕೆ ಸರಿದರಾಯಿತು, ಹೊರಡುವಾಗ ಅದೇ ಲೇನಿಗೆ ವಾಪಸು. ಅಪ್ರದಕ್ಷಿಣವಾಗಿ ಹೋದಿರೋ, ಪ್ರತಿ ಸಲವೂ ಎದುರು ಬರುವ ಗಾಡಿಗಳನ್ನು ಅಡ್ಡ ದಾಟಬೇಕು. ಹೊರಡುವಾಗ ಇನ್ನೂ ಕಷ್ಟ. ನಮ್ಮೂರಿನ ಅಭ್ಯಾಸಕ್ಕೆ ಕೈ ತಾನಾಗಿ ಹತ್ತಿರದ ಲೇನಿಗೇ ಎಡಕ್ಕೆ ತಿರುಗಿಸುತ್ತದೆ, ಎದುರಿಗೆ ಲಾರಿ!

ದಕ್ಷಿಣ ತುದಿಯ ಸೌತ್ ಲೇಕ್ ತಾಹೋದಿಂದ ಬೆಳಿಗ್ಗೆ ಬೇಗ ಹೊರಟು 89ನೇ ಹೆದ್ದಾರಿ ಹಿಡಿಯಿರಿ. ಮೊದಲು ಸಿಗುವುದು ಎಮರಾಲ್ಡ್ ಬೇ ಎಂಬ ಕೊಲ್ಲಿ. ಅಲ್ಲಿ ರಸ್ತೆ ಕಿರಿದು, ಕೆಲವೆಡೆ ತಡೆಗೋಡೆಯೂ ಇಲ್ಲ. ಗೇರು ಇಳಿಸಿ, ನಿಧಾನ. ವೇಗದ ಫಲಕದಲ್ಲಿರುವುದು ಮೈಲಿ, ಕಿಲೋಮೀಟರ್ ಅಲ್ಲ. ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.

ಆ ಕೊಲ್ಲಿಯ ದಡದಲ್ಲಿ ವೈಕಿಂಗ್ಸ್‌ಹೋಮ್ ಅಂತ ಒಂದು ಬಂಗಲೆ. ಲೋರಾ ನೈಟ್ ಎಂಬ ಸಿರಿವಂತೆ 1929ರಲ್ಲಿ ಕಟ್ಟಿಸಿದ್ದು. ಈ ಕೊಲ್ಲಿ ನೋಡಿ ಆಕೆಗೆ ನಾರ್ವೆಯ ಕಡಲಚಾಚುಗಳು ನೆನಪಾದವಂತೆ. ಸರಿ, ಸ್ವೀಡನ್ ಮೂಲದ ವಾಸ್ತುಶಿಲ್ಪಿಯನ್ನು ಹಿಡಿದು 38 ಕೋಣೆಗಳ ಮನೆ ಎಬ್ಬಿಸಿದರು. ಚಾವಣಿಯ ಒಂದು ಭಾಗದ ಮೇಲೆ ಹುಲ್ಲು ಬೆಳೆಸಿದರು. ಅಷ್ಟಕ್ಕೂ ಸಮಾಧಾನವಿಲ್ಲ! ಕೊಲ್ಲಿಯ ನಡುವೆ ಫ್ಯಾನೆಟ್ ಎಂಬ ಪುಟ್ಟ ದ್ವೀಪ, ಇಡೀ ತಾಹೋದಲ್ಲಿರುವುದು ಅದೊಂದೇ. ಅದರ ನೆತ್ತಿಯ ಮೇಲೆ ಚಹಾ ಕುಡಿಯಲಿಕ್ಕೆಂದೇ ಒಂದು ಕಲ್ಲುಕೋಣೆ. ಅತಿಥಿಗಳನ್ನು ದೋಣಿಯಲ್ಲಿ ಕರೆದೊಯ್ದು ಅಲ್ಲಿ ಚಹಾ ಕೊಡುತ್ತಿದ್ದರು. ಅದರ ಮೊಂಡುಗೋಡೆ ರಸ್ತೆಯಿಂದಲೇ ಕಾಣುತ್ತದೆ. ಬಂಗಲೆಗೆ ಒಂದು ಮೈಲಿ ಇಳಿಜಾರು. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಕೇಳಬೇಕಲ್ಲ! ಮಂಡಿನೋವಿದ್ದವರು ಮೇಲಿಂದಲೇ ನೋಡಿ.

ಸಮಯ ಓಡುತ್ತಿದೆ. ತಾಹೋ ಸಿಟಿಯಲ್ಲಿ ಚಾಲಕರು ಬದಲಾಗಲಿ, ನೀರಿನ ಪಕ್ಕದ ಸೀಟು ಇಬ್ಬರಿಗೂ ಸಿಗಬೇಕು. ಅದಕ್ಕೆ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಬರೆಸಿಟ್ಟರೆ ಒಳ್ಳೆಯದು. ಮುಂದೆ 28ನೇ ಹೆದ್ದಾರಿ, ನೆವಾಡಾ ಗಡಿ, ಸ್ಯಾಂಡ್ ಹಾರ್ಬರ್ ಎಂಬ ಮರಳುದಂಡೆ. ಆಮೇಲೆ 50ನೇ ಹೆದ್ದಾರಿ, ಕೇವ್ ರಾಕ್ ಸುರಂಗ, ಅಲ್ಲಿಗೆ ಹೊರಟ ಜಾಗ. ಹಿಮ ಬಿದ್ದಾಗ ಎಮರಾಲ್ಡ್ ಬೇ ರಸ್ತೆ ಮುಚ್ಚುವುದುಂಟು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮತ್ತೆ ಹೇಳುತ್ತೇನೆ, ಸರೋವರ ಬಲಕ್ಕೆ!

ಇನ್ನು ತಿಂಡಿ. ಇಲ್ಲಿಂದ ಒಯ್ದ ಚಕ್ಕುಲಿ, ಕೋಡುಬಳೆ ಡಬ್ಬಿ ಕಾರಿನಲ್ಲಿ ಬಿಟ್ಟು ಇಳಿಯಬೇಡಿ. ಅಲ್ಲಿಯ ಕರಡಿಗಳು ಬೀಗ ಹಾಕದ ಬಾಗಿಲಿನ ಹಿಡಿಕೆ ಎಳೆದು ಒಳಗೆ ನುಗ್ಗುತ್ತವೆ. ಹಿಂದೆಯೇ ಬಾಗಿಲು ಮುಚ್ಚಿಕೊಂಡರೆ ಹೊರಬರಲಾಗದೆ ಸೀಟುಗಳನ್ನೆಲ್ಲ ಚಿಂದಿ ಮಾಡುತ್ತವೆ. ರಾತ್ರಿ ಡಬ್ಬಿಯನ್ನು ರೂಮಿಗೇ ಒಯ್ಯಿರಿ. ನಮಸ್ಕಾರ.