ಪಕ್ಕದವರು ‘ಆಗಲ್ಲ’ ಅಂದಾಗ

ಕೇಳುಗರಿಗೆ ನಮಸ್ಕಾರ.

ಎಲ್ಲರೂ ತನ್ನನ್ನು ಮೆಚ್ಚಲಿ ಅಂತ ಸರ್ವಾಧಿಕಾರಿ ಕಾಯುತ್ತಾ ಕೂರುವುದಿಲ್ಲ. ‘ಮಿಕ್ಕವರೆಲ್ಲ ಒಪ್ಪಿದ್ದಾರೆ, ನನಗೊಬ್ಬನಿಗೇ ಇದು ಸರಿ ಕಾಣ್ತಿಲ್ಲ’ ಅಂದುಕೊಂಡು ಪ್ರತಿಯೊಬ್ಬರೂ ಸುಮ್ಮನಿದ್ದರೆ ಅವನಿಗೆ ಅಷ್ಟೇ ಸಾಕು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಮನೋವಿಜ್ಞಾನಿ ಸ್ಟಾನ್ಲಿ ಮಿಲ್‌ಗ್ರಾಂ ಶುರು ಮಾಡಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಆಚೆ ಕೋಣೆಯಲ್ಲಿರುವವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಸ್ವಿಚ್ ಒತ್ತಿ ಶಾಕ್ ಕೊಡಬೇಕು. 15 ವೋಲ್ಟ್‌ನಿಂದ ಶುರುವಾಗಿ 450ರವರೆಗೆ. ಶಾಕ್ ನಿಜವಲ್ಲ, ಆದರೆ ಒತ್ತುವವರಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಮಂದಿ ಕೊನೆಯ ಸ್ವಿಚ್ಚನ್ನೂ ಒತ್ತಿದರು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ‘ಮನುಷ್ಯ ಅಂದ್ರೆ ಇಷ್ಟೇ’ ಅಂತಾರೆ. ಇದು ಅನ್ಯಾಯ. ಮಿಲ್‌ಗ್ರಾಂ ಇದೇ ಪ್ರಯೋಗವನ್ನು ಬೇರೆ ಬೇರೆ ಥರ ಮಾಡಿ ನೋಡಿದ್ದರು. ಒಂದರಲ್ಲಿ ಸ್ವಿಚ್ ಒತ್ತುವವರ ಜೊತೆ ಇನ್ನಿಬ್ಬರನ್ನು ಕೂರಿಸಿದರು. ಅವರಿಬ್ಬರೂ ಮೊದಲೇ ಹೇಳಿಕೊಟ್ಟು ಕರೆತಂದವರು. 150 ವೋಲ್ಟ್ ಬಂದಾಗ ಒಬ್ಬ ‘ನನ್ನಿಂದ ಆಗಲ್ಲ’ ಅಂತ ಎದ್ದು ದೂರ ಹೋಗಿ ಕೂತ. 210ಕ್ಕೆ ಇನ್ನೊಬ್ಬನೂ ಎದ್ದ. ‘ಮುಂದುವರಿಸಿ’ ಅಂತ ಹೇಳುವ, ಪ್ರಯೋಗ ನಡೆಸುವವನು ಅಲ್ಲೇ ಇದ್ದ. ಆದರೂ ಈ ಸಲ 40ರಲ್ಲಿ 36 ಮಂದಿ ಕೊನೆಯವರೆಗೆ ಹೋಗಲಿಲ್ಲ!

ಮಾನವ ಹಕ್ಕುಗಳ ಪರ ಮಾತಾಡುವವರಿಗೆ ದೇಶದ್ರೋಹಿ ಅನ್ನೋ ಹಣೆಪಟ್ಟಿ ಕಟ್ಟಿ ಒಂಟಿ ಮಾಡುವುದು ಇದಕ್ಕೇ ಅಲ್ವಾ? ಅವರ ಪಕ್ಕದಲ್ಲಿ ಎರಡನೆಯವರು ಕಾಣಿಸಬಾರದು. ನನ್ನ ಕೇಳಿದರೆ, ಮೊದಲು ಎದ್ದವರಷ್ಟೇ ಆ ಎರಡನೆಯವರೂ ಮುಖ್ಯ.

ಇದನ್ನು ಚೆನ್ನಾಗಿ ಅರಿತಿದ್ದವರು ಇಗ್ನಾಸಿಯೊ ಮಾರ್ಟಿನ್-ಬಾರೊ. ಸ್ಪೇನ್‌ನಲ್ಲಿ ಹುಟ್ಟಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ ದೇಶದಲ್ಲಿ ನೆಲೆಸಿದ ಪಾದ್ರಿ, ಸಮಾಜ ಮನೋವಿಜ್ಞಾನಿ. ಅಂತರ್ಯುದ್ಧ ಉರಿಯುತ್ತಿದ್ದಾಗಲೇ, 1986ರಲ್ಲಿ, ತಮ್ಮ ವಿಶ್ವವಿದ್ಯಾಲಯದಲ್ಲಿ ಜನಾಭಿಪ್ರಾಯ ಸಂಸ್ಥೆಯೊಂದನ್ನು ಕಟ್ಟಿದರು. ಬಾಯಿ ಬಿಡಲು ಜನ ಹೆದರುತ್ತಿದ್ದ ಕಾಲ. ಅವರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಅವರಿಗೇ ತೋರಿಸುವುದು ಸಂಸ್ಥೆಯ ಕೆಲಸ. ಯುದ್ಧ ಮಾತುಕತೆಯಲ್ಲಿ ಮುಗಿಯಲಿ ಅನ್ನೋ ಆಸೆ ತನ್ನೊಬ್ಬನದೇ ಅಲ್ಲ ಅಂತ ಗೊತ್ತಾದ ಮನುಷ್ಯನನ್ನು ಹೆದರಿಸುವುದು ಕಷ್ಟ.

1989ರ ನವೆಂಬರ್ 16ರಂದು ಸೈನಿಕರು ವಿಶ್ವವಿದ್ಯಾಲಯಕ್ಕೆ ನುಗ್ಗಿ ಅವರನ್ನು ಕೊಂದರು. ಜೊತೆಗೆ ಇನ್ನೂ ಐವರು ಪಾದ್ರಿಗಳನ್ನು, ಮನೆಗೆಲಸದ ಹೆಂಗಸನ್ನು, ಆಕೆಯ ಮಗಳನ್ನು. 2020ರಲ್ಲಿ ಸ್ಪೇನ್‌ನ ನ್ಯಾಯಾಲಯ ಈ ಪ್ರಕರಣದಲ್ಲಿ ಎಲ್ ಸಾಲ್ವಡಾರ್ ಸೇನೆಯ ಮಾಜಿ ಕರ್ನಲ್ ಒಬ್ಬನಿಗೆ 133 ವರ್ಷಗಳ ಶಿಕ್ಷೆ ವಿಧಿಸಿತು. ಸಂಸ್ಥೆ ಮಾತ್ರ ಮುಚ್ಚಲಿಲ್ಲ. ಅವರ ನಂತರವೂ ಸಮೀಕ್ಷೆ ನಡೆಸಿ, ಫಲಿತಾಂಶವನ್ನು ಜನರ ಮುಂದಿಡುತ್ತಾ ಬಂದಿದೆ.

ನಮಸ್ಕಾರ.